ಆ ಕಡತಗಳನ್ನು ತೆರೆಯಿರಿ: ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸ್ಕೃತಿ ಸಚಿವರಿಗೆ ನಮಸ್ಕಾರಗಳು.

ನಾನು ಸಾರ್ವಜನಿಕ ಇತಿಹಾಸದ ವಿದ್ಯಾರ್ಥಿ. ಚರಿತ್ರೆ ಪಠ್ಯಪುಸ್ತಕದ ಆಚೆ, ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ, ಸ್ಮಾರಕದ ಫಲಕದಲ್ಲಿ ಜನರ ಕಣ್ಣಿಗೆ ಯಾವ ರೂಪದಲ್ಲಿ ಬೀಳುತ್ತದೆ, ಆ ರೂಪವನ್ನು ತೀರ್ಮಾನಿಸುವವರು ಯಾರು ಎಂಬುದು ನನ್ನ ಅಧ್ಯಯನದ ವಿಷಯ. ಇದಕ್ಕಾಗಿ ಒಂದು ಸಂಗ್ರಹಾಲಯಕ್ಕೆ ಹೋಗಿ, ಅಲ್ಲಿ ಪ್ರದರ್ಶನವೊಂದನ್ನು ಉದ್ಘಾಟನೆಗೆ ಮೊದಲೇ ಕೈಬಿಟ್ಟದ್ದೇಕೆ ಎಂದು ಕೇಳಿದೆ. ‘ಅದು ಮುಗಿದ ಕಥೆ, ಬಿಡಿ’ ಎಂದರು. ದಾಸ್ತಾನು ಪುಸ್ತಕವನ್ನಷ್ಟೇ ತೋರಿಸಿದರು. ‘ಬಂದ ಬಗೆ’ ಎಂಬ ಕಾಲಮಿನಲ್ಲಿ ಪುಟದುದ್ದಕ್ಕೂ ದಾನ, ದಾನ, ದಾನ. ಒಂದೇ ಒಂದು ಸಾಲಿನ ಪಕ್ಕ ಯಾರೋ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಇನ್ಯಾರೋ ಅದನ್ನು ಅರ್ಧ ಅಳಿಸಿದ್ದರು.

ಸಂಗ್ರಹಾಲಯಗಳಲ್ಲಿ ಜಗಳ ಆಗಬಾರದು ಎಂದು ನಾನು ಹೇಳುತ್ತಿಲ್ಲ, ಆಗಲಿ. ಆದರೆ ಅದರ ಕಾಗದಪತ್ರ ಉಳಿಯಲಿ, ಓದಲು ಸಿಗಲಿ.

ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯ ಹಿರೋಶಿಮಾದ ಮೇಲೆ ಅಣುಬಾಂಬ್ ಹಾಕಿದ ಎನೋಲಾ ಗೇ ವಿಮಾನವನ್ನು 1995ರಲ್ಲಿ, ಯುದ್ಧ ಮುಗಿದ ಐವತ್ತನೆಯ ವರ್ಷಕ್ಕೆ, ಪ್ರದರ್ಶನಕ್ಕಿಡಲು ಹೊರಟಿತ್ತು. ವಿಮಾನದ ಜೊತೆಗೆ ಶಾಲಾ ಬಾಲಕಿಯೊಬ್ಬಳ ಊಟದ ಡಬ್ಬಿಯನ್ನೂ ಇಡಬೇಕೆಂಬ ಯೋಜನೆಯಿತ್ತು. ಒಳಗೆ ಕರಕಲಾದ ಅನ್ನ, ಬಟಾಣಿ. ತಮ್ಮ ತ್ಯಾಗಕ್ಕೆ ಇದು ಅವಮಾನ ಎಂದು ಮಾಜಿ ಸೈನಿಕರ ಸಂಘಟನೆಗಳು ಸಿಡಿದೆದ್ದವು. ಒತ್ತಡಕ್ಕೆ ಬಗ್ಗಿ ಸಂಗ್ರಹಾಲಯ ಪ್ರದರ್ಶನದ ಬರಹವನ್ನು ತಿದ್ದುತ್ತಾ ಹೋದಾಗ ಇತಿಹಾಸಕಾರರು ಪ್ರತಿಭಟಿಸಿದರು. ಕೊನೆಗೆ ಜನವರಿಯಲ್ಲಿ ಮೂಲ ಪ್ರದರ್ಶನ ರದ್ದಾಯಿತು, ಮೇ ತಿಂಗಳಲ್ಲಿ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. ಸೋತವರು ಯಾರು ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ನನಗೆ ಮುಖ್ಯವೆನಿಸುವುದು ಬೇರೆ: ಆ ಬರಹದ ಮೊದಲ ಕರಡು ಅದೇ ವರ್ಷ ಪುಸ್ತಕವಾಗಿ ಅಚ್ಚಾಯಿತು. ಕೈಬಿಟ್ಟ ವಾಕ್ಯಗಳನ್ನು ಇಂದು ಯಾರು ಬೇಕಾದರೂ ಓದಿ, ಸೈನಿಕರ ನೋವನ್ನೂ ಆ ಡಬ್ಬಿಯನ್ನೂ ಒಟ್ಟಿಗೆ ತೂಗಿ ನೋಡಬಹುದು.

ಮುಚ್ಚಿಡುವ ಅಭ್ಯಾಸಕ್ಕೆ ಬ್ರಿಟಿಷ್ ಮ್ಯೂಸಿಯಂ ಎಷ್ಟು ಬೆಲೆ ತೆತ್ತಿತು ನೋಡಿ. 2021ರಲ್ಲೇ ಹೊರಗಿನ ವ್ಯಾಪಾರಿಯೊಬ್ಬರು ವಸ್ತುಗಳು ಕಳುವಾಗುತ್ತಿವೆ ಎಂದು ಎಚ್ಚರಿಸಿದ್ದರು. ಎಲ್ಲವೂ ಸರಿಯಾಗಿದೆ ಎಂಬ ಉತ್ತರ ಹೋಯಿತು. 2023ರಲ್ಲಿ ಸುಮಾರು 2,000 ವಸ್ತುಗಳು ಕಳುವಾಗಿವೆ, ಕಾಣೆಯಾಗಿವೆ ಇಲ್ಲವೇ ಹಾಳಾಗಿವೆ ಎಂದು ಒಪ್ಪಿಕೊಳ್ಳಬೇಕಾಯಿತು, ನಿರ್ದೇಶಕರು ಹೊರನಡೆದರು. ಅವುಗಳಲ್ಲಿ ಬಹಳಷ್ಟಕ್ಕೆ ಸರಿಯಾದ ವಿವರಪಟ್ಟಿಯೇ ಇರಲಿಲ್ಲ. ಪಟ್ಟಿಯಲ್ಲೇ ಇಲ್ಲದ ವಸ್ತು ಕಳುವಾದರೆ ಹುಡುಕುವುದಾದರೂ ಹೇಗೆ?

ಸಚಿವರೇ, ನಿಮ್ಮ ಕೈಯಲ್ಲಿ ಆಗುವ ಕೆಲಸವನ್ನೇ ಕೇಳುತ್ತಿದ್ದೇನೆ. ಸರ್ಕಾರಿ ಸಂಗ್ರಹಾಲಯಗಳ ದಾಸ್ತಾನು ಪುಸ್ತಕಗಳು ಸಾರ್ವಜನಿಕರಿಗೆ ಸಿಗಲಿ. ಪ್ರದರ್ಶನ ರದ್ದಾದರೆ, ಫಲಕದ ಬರಹ ಬದಲಾದರೆ, ವಸ್ತು ಹಿಂದಿರುಗಿಸುವಂತೆ ಬಂದ ಕೋರಿಕೆ ತಿರಸ್ಕೃತವಾದರೆ ಯಾರು, ಯಾವ ಕಾರಣಕ್ಕೆ ತೀರ್ಮಾನಿಸಿದರು ಎಂಬುದು ಸಭೆಯ ನಡಾವಳಿಯಲ್ಲಿ ದಾಖಲಾಗಲಿ. ನಿಗದಿತ ಅವಧಿಯ ನಂತರ ಆ ಕಡತ ತೆರೆಯಲಿ. ಪ್ರದರ್ಶನಗಳನ್ನು ರೂಪಿಸುವ ಕ್ಯುರೇಟರ್‌ಗಳಿಗೆ ಕಿರುಕುಳ ಆಗಬಹುದು ಎಂಬ ಆತಂಕ ನನಗೂ ಇದೆ, ಅದಕ್ಕೇ ಅವಧಿಯ ಮಾತು. ಆದರೆ ಬರೆದಿಡದೇ ಇರುವುದಕ್ಕೆ ಅದು ನೆಪವಾಗಬಾರದು.

ಪೆನ್ಸಿಲ್ ಗುರುತಿದ್ದ ಆ ಸಾಲಿನ ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದೇನೆ. ಕಡತ ತೆರೆದ ದಿನ ಮೊದಲು ಅದನ್ನೇ ಕೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸಾರ್ವಜನಿಕ ಇತಿಹಾಸದ ಒಬ್ಬ ವಿದ್ಯಾರ್ಥಿ