ಮೂರು ಸಾಲಿನ ಕೋಡ್ ಹೇಳದಿರುವ ಲೆಕ್ಕ

ಮಾನ್ಯ ಸಂಪಾದಕರೇ,

ಒಂದು ಕರೆನ್ಸಿಯ ಮೊತ್ತವನ್ನು ಇನ್ನೊಂದಕ್ಕೆ ಪರಿವರ್ತಿಸುವ, ಎರಡು ಮೊತ್ತಗಳಲ್ಲಿ ಯಾವುದು ಹೆಚ್ಚೆಂದು ಹೋಲಿಸುವ ಪುಟ್ಟ ಕೋಡ್ ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇಂದು ಉಚಿತವಾಗಿಯೇ ಸಿಗುತ್ತವೆ. ಮೂರು ಸಾಲು ಬರೆದರೆ ಕೆಲಸ ಮುಗಿಯಿತೆಂದು ಹೊಸಬರಿಗೆ ಕಲಿಸುವುದೂ ವಾಡಿಕೆಯಾಗಿದೆ. ಬಿಲ್ಲಿಂಗ್ ತಂತ್ರಾಂಶ ಬರೆಯುವ ನನಗೆ ಇದು ಅರ್ಧಸತ್ಯವೆಂದು ಅನುಭವದಿಂದ ತಿಳಿದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಲೈಬ್ರರಿ ಮಾಡುವುದು ಗುಣಾಕಾರ, ಭಾಗಾಕಾರ ಮಾತ್ರ. ದರವನ್ನು ಬೇರೆಡೆಯಿಂದ ತಂದುಕೊಡಬೇಕು. ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಯುರೋ ಆಧಾರದ ಉಲ್ಲೇಖ ದರಗಳನ್ನು ಕೆಲಸದ ದಿನಗಳಲ್ಲಿ ಒಮ್ಮೆ ಪ್ರಕಟಿಸುತ್ತದೆ, ಮತ್ತು ಅವು ಮಾಹಿತಿಗಾಗಿಯೇ ಹೊರತು ವಹಿವಾಟಿಗಲ್ಲವೆಂದು ತಾನೇ ತಿಳಿಸುತ್ತದೆ. ಅಂದರೆ ಈ ದರಗಳನ್ನು ನೆಚ್ಚಿ ಭಾನುವಾರ ಮಾಡಿದ ಲೆಕ್ಕದಲ್ಲಿರುವುದು ಹೆಚ್ಚೆಂದರೆ ಶುಕ್ರವಾರದ ದರ. ನಾನು ಬರೆದ ಮೊದಲ ತಂತ್ರಾಂಶದಲ್ಲಿ ಪರಿವರ್ತಿತ ಮೊತ್ತವನ್ನಷ್ಟೇ ಉಳಿಸಿ ದರವನ್ನೂ ದಿನಾಂಕವನ್ನೂ ಬಿಟ್ಟಿದ್ದೆ. ಹಣ ಮರುಪಾವತಿಸುವ ದಿನ ಹೊಸ ದರದಲ್ಲಿ ಬಂದ ಮೊತ್ತ ಹಳೆಯದಕ್ಕೆ ತಾಳೆಯಾಗದೆ, ವ್ಯತ್ಯಾಸ ಎಲ್ಲಿಂದ ಬಂತೆಂದು ತೋರಿಸುವ ದಾಖಲೆಯೂ ಇಲ್ಲದೆ ದಿನಗಟ್ಟಲೆ ಒದ್ದಾಡಿದ್ದೇನೆ.

ದಶಮಾಂಶದ ವಿಷಯವೂ ಅಷ್ಟೇ ಮುಖ್ಯ. ಐಎಸ್‌ಒ 4217 ಎಂಬ, ಕರೆನ್ಸಿಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಜಪಾನಿನ ಯೆನ್‌ಗೆ ದಶಮಾಂಶ ಸ್ಥಾನವೇ ಇಲ್ಲ, ಕುವೈತ್ ದಿನಾರ್‌ಗೆ ಮೂರು ಸ್ಥಾನಗಳಿವೆ. ಎಲ್ಲ ಹಣವೂ ನೂರು ಪಾಲಾಗುತ್ತದೆಂದು ನಂಬಿದ ಕೋಡ್ ಇವೆರಡರಲ್ಲೂ ತಪ್ಪುತ್ತದೆ. ದಶಮಾಂಶಗಳನ್ನು ಕಂಪ್ಯೂಟರ್ ಅಂದಾಜಾಗಿ ಇಟ್ಟುಕೊಳ್ಳುವ ಸಾಮಾನ್ಯ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುವುದರಿಂದ, ಎರಡು ಮೊತ್ತ ಸಮವೇ ಎಂಬ ಸರಳ ಪ್ರಶ್ನೆಗೂ ಕಂಪ್ಯೂಟರ್ ಅಲ್ಲವೆನ್ನಬಹುದು. ಹಣಕ್ಕೆ ದಶಮಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ಬಗೆಯನ್ನು, ಇಲ್ಲವೇ ಪೈಸೆಯಂಥ ಚಿಕ್ಕ ಘಟಕದಲ್ಲಿ ಎಣಿಸುವ ಪೂರ್ಣಾಂಕವನ್ನೇ ಬಳಸಬೇಕು.

ರೌಂಡ್ ಆಫ್ ಎಲ್ಲಿ ಮಾಡಬೇಕೆಂಬುದು ಕೋಡ್ ಬರೆಯುವವರ ಮರ್ಜಿಗೆ ಬಿಡುವಂಥದ್ದಲ್ಲ. ಯುರೋ ಜಾರಿಗೆ ಮುನ್ನ, 1997ರಲ್ಲಿಯೇ, ಐರೋಪ್ಯ ಒಕ್ಕೂಟದ ನಿಯಮವು ಸದಸ್ಯ ದೇಶಗಳ ನಿಗದಿತ ಪರಿವರ್ತನಾ ದರಗಳಿಗೆ ಆರು ಸಾರ್ಥಕ ಅಂಕಿಗಳನ್ನು (ಸೊನ್ನೆಯಲ್ಲದ ಮೊದಲ ಅಂಕಿಯಿಂದ ಎಣಿಸಿದಂತೆ) ಗೊತ್ತುಪಡಿಸಿ, ಆ ದರವನ್ನು ತಿರುವುಮುರುವು ಮಾಡಿ (ಅಂದರೆ ಒಂದನ್ನು ಅದರಿಂದ ಭಾಗಿಸಿ) ಬಳಸುವುದನ್ನೂ ನಿಷೇಧಿಸಿತು. ಆ ಎಚ್ಚರಿಕೆ ನಮಗೂ ಬೇಕು: ಡಾಲರನ್ನು ಯುರೋ ಮೂಲಕ ಯೆನ್‌ಗೆ ಬದಲಿಸುವಾಗ ನಡುವಿನ ಮೊತ್ತವನ್ನು ಎರಡೇ ದಶಮಾಂಶಕ್ಕೆ ಕತ್ತರಿಸಿದರೆ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ.

ಆದ್ದರಿಂದ ಈ ಲೈಬ್ರರಿಗಳ ಬಗ್ಗೆ ಬರೆಯುವವರು, ಕಲಿಸುವವರು ದರದ ಮೂಲ ಮತ್ತು ದಿನಾಂಕವನ್ನು ಮೊತ್ತದೊಂದಿಗೇ ಉಳಿಸುವ ನಾಲ್ಕನೆಯ ಸಾಲನ್ನೂ ತಮ್ಮ ಮೊದಲ ಉದಾಹರಣೆಯಲ್ಲಿಯೇ ಸೇರಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ