ಬಳೆ ಬಿಗಿಯಾಗಿದೆ ಅಂದಿದ್ದೆ ನೀನು

ಪುಟ್ಟಿ,

ನೀವು ಹೊರಟು ಇವತ್ತಿಗೆ ಐದು ದಿನ. ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಲಾ ಅಂತ ಅಪ್ಪ ಎರಡು ಸಲ ಕೇಳಿದರು. ಇರಲಿ ಬಿಡಿ ಅಂದೆ. ಪಾಪುವಿನ ಒಂದು ಕುಲಾವಿ ಇಲ್ಲೇ ಉಳಿದಿದೆ. ಒಗೆಯಬೇಕು, ಇನ್ನೂ ಒಗೆದಿಲ್ಲ.

ಹೊರಡುವ ಹಿಂದಿನ ರಾತ್ರಿ ಪಾಪುವಿಗೆ ಎಣ್ಣೆ ಹಚ್ಚುತ್ತಾ ನಾನು ಯಾವಾಗಲೂ ಹೇಳುವ ಮಾತನ್ನೇ ಹೇಳಿದೆ: "ಒಂದು ಸುಳಿವೂ ಕೊಡದೆ ಬಂದುಬಿಡ್ತಲ್ಲ ಆ ಬಿಪಿ ಕಾಯಿಲೆ." ನೀನು ಬಟ್ಟೆ ಮಡಚುತ್ತಿದ್ದೆ. ತಲೆ ಎತ್ತಲಿಲ್ಲ. "ಸುಳಿವು ಕೊಟ್ಟಿತ್ತು ಅಮ್ಮಾ. ನಾನು ಹೇಳಿದ್ದೆ" ಅಂದೆ. ದನಿಯಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ನನಗೆ ಉತ್ತರ ಹೊಳೆಯಲಿಲ್ಲ. ಬೆಳಗ್ಗೆ ಕಾರು ಹತ್ತುವವರೆಗೂ ನಾವಿಬ್ಬರೂ ಮೆಂತ್ಯದ ಹಿಟ್ಟು, ಬಿಸಿನೀರಿನ ಫ್ಲಾಸ್ಕು ಅಂತ ಬರೀ ಬೇರೆಯದೇ ಮಾತಾಡಿದೆವು.

ಶಿವಮೊಗ್ಗದ ಆ ದಿನಗಳ ಬಗ್ಗೆ ಬರೆಯುವುದಿಲ್ಲ. ಆಪರೇಷನ್, 1 ಕಿಲೋ 700 ಗ್ರಾಂ ಪಾಪು, ಗಾಜಿನ ಆಚೆ ಕಳೆದ 18 ದಿನ, ಎಲ್ಲಾ ನಿನಗೂ ಗೊತ್ತು, ನನಗೂ ಗೊತ್ತು. ನಾನು ಬರೆಯಬೇಕಾಗಿರುವುದು ಬಳೆಯ ವಿಷಯ.

ಸೀಮಂತದ ದಿನ ಬಳೆಗಾರ ನಿನಗೆ ಹಸಿರು ಬಳೆ ತೊಡಿಸಿದ. ಎರಡು-ನಾಲ್ಕರ ಅಳತೆ, ಒಂದೊಂದು ಕೈಗೆ ಹನ್ನೊಂದು. ಸಲೀಸಾಗಿ ಏರಿದವು. ಒಂದೂ ಹೆಚ್ಚಲಿಲ್ಲ ಅಂತ ನಾನು ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ದೀಪಾವಳಿಗೆ ನೀನು ಬಂದಾಗ ಕೈ ಆಡಿಸಿದರೆ ಅವು ಸದ್ದು ಮಾಡುತ್ತಿರಲಿಲ್ಲ. ಇದು ನನಗೆ ಈಗ ನೆನಪಾಗುತ್ತಿದೆ, ಆಗ ಕಿವಿಗೆ ಬೀಳಲಿಲ್ಲ. ಚತುರ್ದಶಿಯ ಬೆಳಗ್ಗೆ ಬಚ್ಚಲಲ್ಲಿ ನಿನಗೆ ಎಣ್ಣೆ ತಿಕ್ಕುತ್ತಿದ್ದೆ. "ಬಳೆ ಬಿಗಿ ಆಗಿದೆ ಅಮ್ಮಾ, ಸೋಪು ಕೊಡು, ಎರಡು ತೆಗೀತೀನಿ" ಅಂದೆ ನೀನು. "ಮೈ ಕೈ ತುಂಬಿಕೊಂಡಿದೀಯ, ಒಳ್ಳೇದೇ ಅಲ್ವಾ. ಬಸುರಿ ಬಳೆ ತೆಗೀಬಾರದು" ಅಂದೆ ನಾನು. ಎಣ್ಣೆ ಕೈಯಲ್ಲಿ ನಿನ್ನ ಮಣಿಕಟ್ಟು ಹಿಡಿದಿದ್ದೆ. ಬಳೆಗಳ ಎರಡೂ ಕಡೆ ಚರ್ಮ ಉಬ್ಬಿದ್ದು ನನ್ನ ಬೆರಳಿಗೆ ಸಿಕ್ಕಿತ್ತು. ಸಿಕ್ಕಿಯೂ ನೀರು ಹುಯ್ದೆ.

ಮಾರನೇ ದಿನ ತಲೆನೋವು ಅಂದೆ. ನೀಲಗಿರಿ ಎಣ್ಣೆ ಹಚ್ಚಿದೆ. ಪಾಡ್ಯದ ಮಧ್ಯಾಹ್ನ ಪಕ್ಕೆಲುಬಿನ ಕೆಳಗೆ ಬಲಗಡೆ ಹಿಡಿದ ಹಾಗೆ ಆಗುತ್ತಿದೆ ಅಂದೆ. ಚೀನಿಕಾಯಿ ಕಡುಬು ಜಾಸ್ತಿ ಆಯಿತು ಅಂತ ಜೀರಿಗೆ ಕಷಾಯ ಕುಡಿಸಿದೆ. 32 ವಾರಕ್ಕೆ ಬೆಂಗಳೂರಿನಲ್ಲಿ ತೋರಿಸಿಕೊಂಡು ಬರುತ್ತೇನೆ ಅಂದಿದ್ದವಳನ್ನು "ಹಬ್ಬ ಮುಗಿಸಿಕೊಂಡು ತೋರಿಸಿದರಾಯ್ತು" ಅಂತ ಫೋನಿನಲ್ಲಿ ಒಪ್ಪಿಸಿದ್ದೂ ನಾನೇ. ಎಷ್ಟು ಸಲ ಲೆಕ್ಕ ಹಾಕಿದರೂ ಅದು ಒಂದೇ ಕಡೆ ಬಂದು ನಿಲ್ಲುತ್ತದೆ.

ಆ ರಾತ್ರಿ, ದೀಪ ಹಿಡಿದು ಮನೆಮನೆಗೆ ಪದ ಹೇಳುತ್ತಾ ಬರುವ ಅಂಟಿಗೆ ಪಂಟಿಗೆಯವರು ಅಂಗಳಕ್ಕೆ ಬಂದರು. ಚಿಕ್ಕಂದಿನಿಂದ ಅವರ ದೀಪಕ್ಕೆ ಎಣ್ಣೆ ಹಾಕುವುದು ನಿನ್ನ ಕೆಲಸ. ನೀನು ಹಾಕಿದ ಎಣ್ಣೆ ದೀಪದ ಪಕ್ಕದಲ್ಲಿ, ನೆಲಕ್ಕೆ ಬಿತ್ತು. ಇನ್ನೊಂದು ಸಲ ಹಾಕಿದೆ, ಮತ್ತೆ ನೆಲಕ್ಕೆ. "ದೀಪ ಎರಡು ಕಾಣ್ತಿದೆ" ಅಂದೆ. ನಾನು ಆಗಲೂ "ನಿದ್ದೆ ಕೆಟ್ಟಿದೆ, ಒಳಗೆ ಹೋಗು" ಅಂದೆ. ಪದ ಕೇಳಲು ಬಂದು ನಿಂತಿದ್ದ ನಮ್ಮೂರ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಮಾತ್ರ ಲಾಟೀನು ಎತ್ತಿ ನಿನ್ನ ಮುಖ ನೋಡಿದರು. ತಲೆನೋವು ಇದೆಯಾ, ಹೊಟ್ಟೆಯ ಮೇಲ್ಭಾಗ ನೋವಿದೆಯಾ ಅಂತ ಎರಡೇ ಪ್ರಶ್ನೆ. "ತಾಯಿ ಕಾರ್ಡು ತಗೊಳ್ಳಿ, ಈಗಲೇ ಹೊರಡಿ, ಬೆಳಗಾಗೋದು ಬೇಡ" ಅಂದರು. ಅಪ್ಪ 108ಕ್ಕೆ ಫೋನ್ ಮಾಡಿದರು. ಪದ ಹೇಳುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ, ಅದೇ ದೀಪ ಹಿಡಿದು ರಸ್ತೆಯವರೆಗೆ ನಿನಗೆ ದಾರಿ ತೋರಿಸಿದರು.

ತೀರ್ಥಹಳ್ಳಿಯಲ್ಲಿ ಬಿಪಿ ನೋಡಿದರು. 172/114. ಏಳನೇ ತಿಂಗಳಲ್ಲಿ ಅದು 110/70 ಇತ್ತು ಅಂತ ಹೇಳಿದ್ದು ನೀನೇ. ಎಷ್ಟು ವಾರ, ಯಾವ ರಕ್ತದ ಗುಂಪು, ಯಾವ ಮಾತ್ರೆ, ಕೊನೆಯ ಸ್ಕ್ಯಾನ್ ಯಾವತ್ತು, ಕಣ್ಣು ಮುಚ್ಚಿಕೊಂಡೇ ಎಲ್ಲ ಒಪ್ಪಿಸಿದೆ. ನನ್ನ ಮಗಳು ಎಷ್ಟು ಗಟ್ಟಿ ಅಂತ ಆ ಹೊತ್ತಿನಲ್ಲೂ ಅನ್ನಿಸಿತು. ಇದನ್ನು ನಿನಗೆ ಒಂದು ಸಲವೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ.

ಸಿಸ್ಟರ್ ಸೂಜಿ ಚುಚ್ಚಲು ನಿನ್ನ ಕೈ ಹಿಡಿದರು. ಬಳೆ ಅಡ್ಡ ಬಂತು, ಕೈ ಬೇರೆ ಊದುತ್ತಲೇ ಇತ್ತು. ಒಡೆಯಬೇಕು ಅಂದರು. ನಾನು ಬೇಡ ಅಂದೆ. "ಒಡೀಬೇಡಿ, ನಾನೇ ತೆಗೀತೀನಿ, ಸೋಪು ಕೊಡಿ" ಅಂತ ನಿನ್ನ ಕೈಗೆ ಅಡ್ಡ ನಿಂತೆ. ಅವರು ಪಕ್ಕಕ್ಕೆ ಸರಿಯಮ್ಮಾ ಅಂದರು, ನಾನು ಸರಿಯಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ನಿನ್ನ ಗಂಡ ಆಗಷ್ಟೇ ಬೆಂಗಳೂರು ಬಿಟ್ಟಿದ್ದರು. ರಾತ್ರಿ, ಒಬ್ಬರೇ ಕಾರು ಓಡಿಸಿಕೊಂಡು 300 ಕಿಲೋಮೀಟರ್ ಬರಬೇಕು. ಅವರು ರಸ್ತೆಯಲ್ಲಿರುವಾಗ ನಿನ್ನ ಎರಡೂ ಕೈಯ ಬಳೆ ಒಡೆಯುವುದನ್ನು ನಾನು ಹೇಗೆ ನೋಡಲಿ ಪುಟ್ಟಿ? ನಮ್ಮ ಮನೆಯಲ್ಲಿ ಒಡೆಯಿತು ಅನ್ನುವ ಮಾತನ್ನೇ ಆಡುವುದಿಲ್ಲ, ಹೆಚ್ಚಿತು ಅನ್ನುತ್ತೇವೆ. ಆ ಭಯ ಸುಳ್ಳಲ್ಲ. ಆದರೆ ಆ ಮಂಚದ ಮೇಲೆ ಸಾಯುವ ಹಾಗೆ ಇದ್ದದ್ದು ನೀನು. ನಾನು ಕಾಯುತ್ತಿದ್ದದ್ದು ಗಾಜನ್ನು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಎರಡು ನಿಮಿಷವೋ ಐದೋ. ಕಡೆಗೆ ನೀನೇ ಕೈ ಚಾಚಿ "ಒಡೀರಿ ಸಿಸ್ಟರ್. ಅಮ್ಮಾ, ಸುಮ್ನಿರು" ಅಂದೆ.

ಆಮೇಲೆ ಡಾಕ್ಟರು ವಿವರಿಸಿದರು. ನಮ್ಮ ಕಾಲದಲ್ಲಿ ಸನ್ನಿ, ಗಾಳಿ ಅನ್ನುತ್ತಿದ್ದ ಫಿಟ್ಸಿಗೆ ಮೊದಲು ಬರುವ, ಬಸುರಿಯರಲ್ಲಿ ಬಿಪಿ ಏರುವ ಈ ಕಾಯಿಲೆಗೆ ಹೆಸರಿದೆ, ಪ್ರಿಎಕ್ಲಾಂಪ್ಸಿಯಾ. ಫಿಟ್ಸ್ ಬರದಿರಲಿ ಅಂತ ಸೊಂಟದ ಎರಡೂ ಕಡೆ ಕೊಟ್ಟ ಸೂಜಿ ಮೆಗ್ನೀಷಿಯಂ ಸಲ್ಫೇಟ್. ನೀನು ಮೈಯೆಲ್ಲ ಬೆಂಕಿ ಅಂದದ್ದು, ಅವರು ಸುತ್ತಿಗೆಯಿಂದ ಮಂಡಿ ತಟ್ಟಿ ನೋಡುತ್ತಿದ್ದದ್ದು ಅದಕ್ಕೇ. ಔಷಧಿ ಜಾಸ್ತಿಯಾದರೆ ಮೊದಲು ಮಂಡಿ ಅಲುಗುವುದು ನಿಲ್ಲುತ್ತದಂತೆ. ಮೊದಲ ತಿಂಗಳುಗಳಲ್ಲೇ ಮಾಸಿನ ರಕ್ತನಾಳಗಳು ಸರಿಯಾಗಿ ಬೆಳೆಯದಿದ್ದರೆ ಇದು ಶುರುವಾಗುತ್ತದೆ, ಉಪ್ಪು ತಿಂದಿದ್ದಕ್ಕಲ್ಲ, ದೃಷ್ಟಿ ತಾಗಿದ್ದಕ್ಕಲ್ಲ ಅಂದರು. ಕಾಲು ಊದುವುದು ತುಂಬಾ ಬಸುರಿಯರಿಗೆ ಇರುತ್ತದೆ, ಆದರೆ ಕೈ, ಮುಖ ಇದ್ದಕ್ಕಿದ್ದ ಹಾಗೆ ಊದಿದರೆ ಕಾಯಬಾರದು ಅಂದರು. ಶಿವಮೊಗ್ಗಕ್ಕೆ ಹೋಗುವಾಗ ಮಂಡಗದ್ದೆ, ಸಕ್ರೆಬೈಲು, ಗಾಜನೂರು, ಒಂದೊಂದು ಊರು ದಾಟಿದಾಗಲೂ ನಾನು ನಿನ್ನ ಮಣಿಕಟ್ಟು ನೋಡುತ್ತಿದ್ದೆ. ಬಳೆಯ ಗುರುತು ಗೆರೆಗೆರೆಯಾಗಿ ಹಾಗೇ ಇತ್ತು.

ಕಾಯಿಲೆ ಬಂದದ್ದು ನನ್ನಿಂದಲ್ಲ ಅಂತ ಎಲ್ಲರೂ ಸಮಾಧಾನ ಹೇಳಿದರು. ಒಪ್ಪುತ್ತೇನೆ. ತಡವಾದದ್ದು ನನ್ನಿಂದ. ಎರಡು ಬಾಣಂತನ ನಾನೂ ಮಾಡಿಸಿಕೊಂಡವಳು, ನನಗೆ ಎಲ್ಲ ಗೊತ್ತು ಅಂದುಕೊಂಡಿದ್ದೆ. ನಿನ್ನ ಮೈ ನಿನಗೆ ಹೇಳುತ್ತಿದ್ದದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ನನ್ನನ್ನು ಕ್ಷಮಿಸು ಅಂತ ಎದುರಿಗೆ ಹೇಳಬೇಕಿತ್ತು. ಹೊರಡುವ ದಿನ ಬಾಯಿಗೆ ಬಂತು, ಪಾಪು ಅತ್ತಿತು, ಹಾಗೇ ಉಳಿಯಿತು.

ಉಪದೇಶ ಮಾಡಬಾರದು ಅಂದುಕೊಂಡೇ ಬರೆಯಲು ಕೂತೆ. ಆದರೂ ಇಷ್ಟು ಹೇಳದೆ ನನಗೆ ನಿದ್ದೆ ಬರುವುದಿಲ್ಲ. ಬಿಪಿ ಈಗ ಸರಿಯಿದೆ ಅಂತ ಮಾತ್ರೆ ನೀನಾಗಿ ನಿಲ್ಲಿಸಬೇಡ, ಡಾಕ್ಟರು ಹೇಳಬೇಕು. ಅಪ್ಪ ತಂದುಕೊಟ್ಟ ಬಿಪಿ ಮಿಷನ್ ಬೀರುವಿನಲ್ಲಿ ಇಡಬೇಡ, ಊಟದ ಮೇಜಿನ ಮೇಲಿಡು. ಐದು ನಿಮಿಷ ಸುಮ್ನೆ ಕೂತು ಆಮೇಲೆ ನೋಡಿಕೋ, ಪಾಪು ಎತ್ತಿಕೊಂಡು ನೋಡಬೇಡ. ಇದು ಒಮ್ಮೆ ಬಂದವರಿಗೆ ಮುಂದೆ ಬಿಪಿ, ಹೃದಯದ ತೊಂದರೆ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ ಅಂತ ಡಾಕ್ಟರು ನನ್ನೆದುರೇ ಹೇಳಿದರು. ಅದಕ್ಕೆ ವರ್ಷಕ್ಕೊಂದು ಸಲ ತೋರಿಸಲೇಬೇಕು. ಮುಂದೆ ಇನ್ನೊಂದು ಮಗು ಬೇಕು ಅನ್ನಿಸಿದರೆ, ಮೊದಲನೇ ಭೇಟಿಯಲ್ಲೇ ಇದನ್ನು ಹೇಳು. 12 ವಾರದ ಹೊತ್ತಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಶುರು ಮಾಡುತ್ತಾರಂತೆ. ನೀನೇ ಅಂಗಡಿಯಿಂದ ತರಬೇಡ. ಬೇಡ ಅನ್ನಿಸಿದರೆ ಬೇಡ, ನಾನಂತೂ ಕೇಳುವುದಿಲ್ಲ. ಯಾರಾದರೂ ಕೇಳಿದರೆ ನನಗೆ ಹೇಳು. ರಾತ್ರಿ ಪಾಪು ಎದ್ದರೆ ನಿನ್ನ ಗಂಡನನ್ನೂ ಎಬ್ಬಿಸು, ಒಬ್ಬಳೇ ಎಲ್ಲಾ ಮಾಡಬೇಡ. ತಲೆನೋವು ಬಂದರೆ...

ಸರಿ, ನಿಲ್ಲಿಸುತ್ತೇನೆ. ನಿನಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು.

ಆಶಾ ಅಕ್ಕನ ಮನೆಗೆ ಮೊನ್ನೆ ಹೋಗಿದ್ದೆ. 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತದಲ್ಲ, ಈ ತಿಂಗಳು ಕೆಳಗಿನ ಮನೆಯ ಸೊಸೆಯನ್ನು ಕರೆದುಕೊಂಡು ಹೋಗುವಾಗ ನಾನೂ ಜೊತೆಗೆ ಬರುತ್ತೇನೆ ಅಂದಿದ್ದೇನೆ. ಅವಳ ಅತ್ತೆಗೆ ಹೊಲದ ಕೆಲಸ, ಬಿಡುವಿಲ್ಲ.

ನಿನ್ನೆ ಬಳೆಗಾರ ಬಂದಿದ್ದ. ಮಗಳಿಗೆ ಬಾಣಂತಿ ಬಳೆ ಕೊಡಲಾ, ಅದೇ ಎರಡು-ನಾಲ್ಕಾ ಅಂತ ಕೇಳಿದ. ಅವಳನ್ನೇ ಕೇಳಿ ಹೇಳುತ್ತೇನೆ ಅಂದೆ. ಮುಂದಿನ ವಾರ ಮತ್ತೆ ಬರುತ್ತಾನೆ. ನಿನಗೆ ಬೇಕಾ? ಬೇಕಾದರೆ ಈಗ ಯಾವ ಅಳತೆ ಆಗುತ್ತದೆ, ಬರೆದು ಕಳಿಸು.

ನಿನ್ನ
ಅಮ್ಮ