ಮಗಳೇ, ಸಿಡ್ನಿಯ ಆ ಯೂನಿಯನ್ ಬಗ್ಗೆ ಓದು

ಪ್ರೀತಿಯ ಮಗಳೇ,

ಸೈಟ್ ಇಂಜಿನಿಯರ್ ಆಗಿ ಸೇರಿದ್ದೀಯ, ತುಂಬಾ ಖುಷಿ. ಏನು ಕಟ್ಟಬೇಕು ಅಂತ ಯಾರು ತೀರ್ಮಾನಿಸಬೇಕು? ಮಾಲೀಕರೊಬ್ಬರೇ ಅಲ್ಲ, ಕಟ್ಟುವ ಕೈಗಳಿಗೂ ಆ ಹಕ್ಕಿದೆ ಅಂತ ನಾನು ನಂಬಿದ್ದೇನೆ. ಹಾಗೆ ನಂಬಿ ನಡೆದ ಒಂದು ಯೂನಿಯನ್ ಆಸ್ಟ್ರೇಲಿಯಾದಲ್ಲಿತ್ತು. ಬಿಲ್ಡರ್ಸ್ ಲೇಬರರ್ಸ್ ಫೆಡರೇಷನ್, ಅಂದರೆ ಕಟ್ಟಡ ಕೂಲಿಗಳ ಒಕ್ಕೂಟ, ಅದರ ನ್ಯೂ ಸೌತ್ ವೇಲ್ಸ್ (ಸಿಡ್ನಿ ಇರುವ ರಾಜ್ಯ) ಶಾಖೆ.

ಅದರಲ್ಲಿದ್ದವರು ಮಣ್ಣು ಅಗೆಯುವವರು, ಕಾಂಕ್ರೀಟ್ ಸುರಿಯುವವರು, ಸಾರುವೆ ಕಟ್ಟುವವರು. ಸೈಟಿನಲ್ಲಿ ಎಲ್ಲರಿಗಿಂತ ಕೆಳಗಿನವರು. ಮೊದಮೊದಲು ಅವರು ಹೋರಾಡಿದ್ದು ಸರಿಯಾದ ಟಾಯ್ಲೆಟ್, ಬಟ್ಟೆ ಬದಲಿಸಲು ಜಾಗ, ಸುರಕ್ಷತೆ, ಕೂಲಿ ಇಂಥವಕ್ಕೆ. 1970ರ ಮುಷ್ಕರ ಐದು ವಾರ ನಡೆದು ಗೆದ್ದಿತು.

ಮರುವರ್ಷ ನಡೆದದ್ದು ನನಗೆ ತುಂಬಾ ಇಷ್ಟ. ಸಿಡ್ನಿಯ ಹಂಟರ್ಸ್ ಹಿಲ್ ಬಡಾವಣೆಯಲ್ಲಿ ಕೆಲ್ಲೀಸ್ ಬುಷ್ ಅಂತ ಒಂದು ಪುಟ್ಟ ಕಾಡು. ಅದನ್ನು ಕಡಿದು ದುಬಾರಿ ಮನೆ ಕಟ್ಟಲು ಕಂಪನಿಯೊಂದು ಹೊರಟಿತ್ತು. 13 ಹೆಂಗಸರು ಎಲ್ಲಾ ಬಾಗಿಲು ತಟ್ಟಿ ಸೋತು, ಕೊನೆಗೆ ಯೂನಿಯನ್ ಹತ್ತಿರ ಬಂದರು. ಅನುಕೂಲಸ್ಥರ ಬಡಾವಣೆ ಅದು. ಯೂನಿಯನ್ ಕಾರ್ಯದರ್ಶಿ ಜ್ಯಾಕ್ ಮಂಡಿ ಕಮ್ಯುನಿಸ್ಟ್. ಎಲ್ಲಿಗೆಲ್ಲಿಯ ಸಂಬಂಧ, ಅಲ್ವಾ? ಸಭೆ ಕರೆಯಿರಿ, ಜನರ ಬೆಂಬಲ ತೋರಿಸಿ ಅಂದಿತು ಯೂನಿಯನ್. ಸುಮಾರು 600 ಜನ ಸೇರಿದರು. ಆ ಕಾಡಿನಲ್ಲಿ ನಮ್ಮವರು ಯಾರೂ ಕೆಲಸ ಮಾಡುವುದಿಲ್ಲ ಅಂತ ಯೂನಿಯನ್ ಸಾರಿತು. ಬೇರೆ ಕೂಲಿಗಳನ್ನು ತರುತ್ತೇವೆ ಅಂತ ಕಂಪನಿ ಹೆದರಿಸಿತು. ಆಗ ಅದೇ ಕಂಪನಿಯ ಇನ್ನೊಂದು ಸೈಟಿನ ಕೆಲಸಗಾರರು, ಅಲ್ಲಿ ಒಂದು ಮರ ಬಿದ್ದರೂ ಈ ಕಟ್ಟಡ ಅರ್ಧಕ್ಕೇ ನಿಲ್ಲುತ್ತದೆ ಅಂದರು. ಕಾಡು ಉಳಿಯಿತು.

ಹೀಗೆ ಮರ, ಹಳೆಯ ಬಡಾವಣೆ ಉಳಿಸಲು ಕೆಲಸ ನಿರಾಕರಿಸುವುದಕ್ಕೆ 'ಗ್ರೀನ್ ಬ್ಯಾನ್' ಅನ್ನುತ್ತಾರೆ. ಆಮೇಲೆ ಇಂಥವು 40ಕ್ಕೂ ಹೆಚ್ಚು ಆದವು. ಸಿಡ್ನಿಯ ಹಳೆಯ ದಿ ರಾಕ್ಸ್ ಬಡಾವಣೆ ಉಳಿದದ್ದೂ ಹಾಗೆಯೇ. ಕೂಲಿ ಬಿಟ್ಟು ಮರ ಕಾಯ್ದ ಜನ! ಇಂಥ ದೊಡ್ಡತನ ನಾನು ಬೇರೆಲ್ಲೂ ಕಂಡಿಲ್ಲ. ಯೂನಿಯನ್ ಪದಾಧಿಕಾರಿಗಳೂ ಕೂಲಿಯವರಷ್ಟೇ ಸಂಬಳ ಪಡೆಯುತ್ತಿದ್ದರು. ಒಬ್ಬರೇ ಹುದ್ದೆಗೆ ಅಂಟಿಕೊಳ್ಳಬಾರದು ಅಂತ ಮಂಡಿ 1973ರಲ್ಲಿ ಕೆಳಗಿಳಿದರು.

1975ರಲ್ಲಿ ಯೂನಿಯನ್ನಿನ ರಾಷ್ಟ್ರೀಯ ನಾಯಕರೇ ಈ ಶಾಖೆಯನ್ನು ವಶಕ್ಕೆ ತೆಗೆದುಕೊಂಡರು. ಬಿಲ್ಡರ್‌ಗಳ ಬೆಂಬಲವೂ ಅವರಿಗಿತ್ತು. ಮಂಡಿ ಮತ್ತು ಸಂಗಾತಿಗಳ ಸದಸ್ಯತ್ವ ಹೋಯಿತು. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ. ಆ ವರ್ಷಗಳಲ್ಲೇ ಈ ಯೂನಿಯನ್ ಸೈಟ್ ಕೆಲಸಕ್ಕೆ ಹೆಂಗಸರೂ ಬರಲಿ, ಸಮಾನ ಕೂಲಿ ಸಿಗಲಿ ಅಂತ ಪಟ್ಟು ಹಿಡಿದಿತ್ತು. ನಿನ್ನ ಸೈಟಿನಲ್ಲಿ ಹೆಂಗಸರಿಗೆ ಗಂಡಸರಷ್ಟೇ ಕೂಲಿ ಕೊಡುತ್ತಾರಾ? ಟಾಯ್ಲೆಟ್ ಇದೆಯಾ? ಅವರನ್ನೇ ಕೇಳಿ ನನಗೆ ಬರೆ.

ನಿನ್ನ
ಅಪ್ಪ